ತರಗತಿಯ ಯಂತ್ರವೂ ಉಪಾಧ್ಯಾಯರ ಕಮ್ಮಟವೂ

ಶಾಲೆಗೆ ಯಂತ್ರವೊಂದು ಬರುವುದು ಸುಲಭ; ಅದು ಪಾಠವಾಗಿ ಮಾರ್ಪಡುವುದು ಕಷ್ಟ. ಬರುವುದಕ್ಕೆ ಬೇಕಾದದ್ದು ಹಣ, ಒಂದು ಸರ್ಕಾರಿ ಆಜ್ಞೆ, ಸಾಗಿಸಲು ಒಂದು ಲಾರಿ. ಪಾಠವಾಗುವುದಕ್ಕೆ ಬೇಕಾದವರು ಉಪಾಧ್ಯಾಯರು. ಬಾನುಲಿ ಪೆಟ್ಟಿಗೆ, ದೂರದರ್ಶನ, ಗಣಕಯಂತ್ರ, ಗೋಡೆಯ ಮೇಲೆ ಚಿತ್ರ ಬೀಳಿಸುವ ಪ್ರೊಜೆಕ್ಟರು, ಈಗ ಅಂಗೈಯಲ್ಲಿ ಅಡಗುವ ಮೊಬೈಲು, ಹೀಗೆ ಒಂದರ ಹಿಂದೊಂದು ಉಪಕರಣ ನಮ್ಮ ಶಾಲೆಗಳ ಹೊಸ್ತಿಲು ದಾಟಿ ಬಂದಿವೆ. ಪ್ರತಿಯೊಂದರ ಬೆನ್ನಿಗೂ ಉಪಾಧ್ಯಾಯರಿಗೆ ಅದನ್ನು ಪರಿಚಯಿಸುವ ಕಮ್ಮಟವೊಂದು ಬಂದಿದೆ. ಇದಕ್ಕೆ ಕಾರ್ಯಾಗಾರವೆಂದೂ, ಪುನಶ್ಚೇತನ ಶಿಬಿರವೆಂದೂ, ಬರಿದೇ ತರಬೇತಿಯೆಂದೂ ಹೆಸರುಗಳುಂಟು. ಹೆಸರು ಯಾವುದಾದರೂ ಇರಲಿ, ಅಲ್ಲಿ ಉಪಾಧ್ಯಾಯರಿಗೆ ಕಲಿಸಬೇಕಾದದ್ದೇನು ಎಂಬ ಪ್ರಶ್ನೆಗೆ ನಾವು ಇನ್ನೂ ಪೂರ್ತಿಯಾಗಿ ಉತ್ತರ ಕಂಡುಕೊಂಡಿಲ್ಲ. ಇಂದಿನ ಮಾತು ಆ ಪ್ರಶ್ನೆಯನ್ನು ಕುರಿತದ್ದು.

ಕಮ್ಮಟ ಫಲಿಸದೆ ಹೋದಾಗ ಸಾಮಾನ್ಯವಾಗಿ ಕೇಳಿಬರುವ ಸಮಾಧಾನ ಒಂದೇ: ಮೇಷ್ಟರಿಗೆ ಹೊಸತೆಂದರೆ ಆಗದು. ಈ ದೂರು ಬಹಳ ಹಳೆಯದು. 1789ರಲ್ಲಿ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮದರಾಸಿನ ಎಗ್ಮೋರಿನಲ್ಲಿ, ಐರೋಪ್ಯ ಸೈನಿಕರ ಅನಾಥ ಗಂಡುಮಕ್ಕಳಿಗೆಂದು ತೆರೆದ ಆಶ್ರಮಶಾಲೆಯ ಮೇಲ್ವಿಚಾರಕನಾದ. ಅಲ್ಲಿದ್ದಾಗ ಆತ ದೇಶೀಯ ಮಠವೊಂದರಲ್ಲಿ ಮಕ್ಕಳು ಮರಳು ಹರಡಿ ಅದರ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡ. ನಮ್ಮ ಹಿರಿಯರಿಗೆ ಗಾವುಂಟಿ ಮಠದಲ್ಲಿ ಓನಾಮ ಕಲಿಸಿದ ಮರಳೇ ಅದು. ಕಾಗದವಿಲ್ಲ, ಮಸಿಯಿಲ್ಲ, ತಪ್ಪಿದರೆ ಅಂಗೈಯಿಂದ ಒರಸಿ ಮತ್ತೆ ಬರೆಯಬಹುದು. ಬೆಲ್ ಬೆರಗಾಗಿ ತನ್ನ ಶಾಲೆಯಲ್ಲಿಯೂ ಇದನ್ನು ಬಳಸಬೇಕೆಂದು ತನ್ನ ಕೈಕೆಳಗಿನ ಉಪಾಧ್ಯಾಯರಿಗೆ ಅಪ್ಪಣೆ ಮಾಡಿದ. ಅವರು ಅದನ್ನು ನಡೆಸಿಕೊಡಲಿಲ್ಲ. ಆಗ ಆತ ಎಂಟು ವರ್ಷದ ಚುರುಕಾದ ಹುಡುಗನೊಬ್ಬನನ್ನು ಕರೆದು, ಚಿಕ್ಕ ಮಕ್ಕಳಿಗೆ ಮರಳಿನಲ್ಲಿ ಅಕ್ಷರ ಕಲಿಸುವ ಕೆಲಸವನ್ನು ಅವನಿಗೆ ಒಪ್ಪಿಸಿದ. ಹುಡುಗ ಗೆದ್ದ. 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಈ ಪ್ರಯೋಗದ ವರದಿಯನ್ನು ಅಚ್ಚು ಹಾಕಿಸಿದ. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಕಲಿಸುವ ಈ ಪದ್ಧತಿ ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದ ಇಂಗ್ಲೆಂಡಿನಲ್ಲೆಲ್ಲ ಹಬ್ಬಿತು.

ಈ ಕಥೆಯನ್ನು ಹೇಳುವವರು ಹುಡುಗನ ಜಾಣ್ಮೆಯನ್ನು ಮೆಚ್ಚಿ ಮುಂದೆ ಸಾಗುತ್ತಾರೆ. ಆ ಉಪಾಧ್ಯಾಯರು ಏಕೆ ಒಲ್ಲೆನೆಂದರು, ಅವರ ಜೊತೆ ಕುಳಿತು ಯಾರಾದರೂ ಮರಳಿನಲ್ಲಿ ಬರೆದು ತೋರಿಸಿದರೆ, ಅವರ ಸಂದೇಹವೇನೆಂದು ಕೇಳಿದರೆ ಎಂಬುದು ಕಥೆಯಲ್ಲಿ ಬರುವುದಿಲ್ಲ. ಅಪ್ಪಣೆಯಿತ್ತು, ಕಮ್ಮಟವಿರಲಿಲ್ಲ. ಉಪಾಧ್ಯಾಯ ಒಪ್ಪದಿದ್ದರೆ ಆತನನ್ನು ಬದಿಗೆ ಸರಿಸಿ ಉಪಕರಣವನ್ನು ಮುಂದಕ್ಕೆ ಒಯ್ಯಬಹುದೆಂಬ ಆಸೆ ಅಂದು ಹುಟ್ಟಿತು. ಹತ್ತೊಂಬತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಇಂಗ್ಲೆಂಡಿನವರಿಗೇ ಆ ಪದ್ಧತಿ ಗಿಳಿಪಾಠವಾಗಿ ಕಂಡು ಅದು ಹಿಂದೆ ಸರಿಯಿತು. ಆಸೆ ಮಾತ್ರ ಉಳಿಯಿತು. ಯಂತ್ರ ಹೊಸದಾದಾಗಲೆಲ್ಲ ಅದು ಹೊಸ ವೇಷದಲ್ಲಿ ಮರಳಿ ಬರುತ್ತದೆ.

ಅದಕ್ಕೆ ವಿರುದ್ಧವಾದ ದಾರಿಯಲ್ಲಿ ನಡೆದ ದೊಡ್ಡ ಪ್ರಯತ್ನವೊಂದು ನಮ್ಮ ನಾಡಿನ ಮೂರು ಜಿಲ್ಲೆಗಳನ್ನು ಮುಟ್ಟಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಿಂದ ಎರವಲು ಪಡೆದ ಎಟಿಎಸ್-6 ಎಂಬ ಉಪಗ್ರಹದ ಮೂಲಕ ಭಾರತದ ಹಳ್ಳಿಗಳಿಗೆ ದೂರದರ್ಶನ ಪಾಠಗಳನ್ನು ಬಿತ್ತರಿಸಲಾಯಿತು. ‘ಸೈಟ್’ ಎಂಬ ಚುಟುಕು ಹೆಸರಿನಿಂದ ಪ್ರಸಿದ್ಧವಾದ ಪ್ರಯೋಗ ಇದು. ವಿಕ್ರಮ್ ಸಾರಾಭಾಯಿಯವರ ಮುಂದಾಲೋಚನೆಯಿಂದ 1969ರಲ್ಲಿ ಒಪ್ಪಂದವಾಗಿ, ಅವರು ತೀರಿಕೊಂಡ ಮೇಲೆ ಯಶಪಾಲರು ನಿರ್ದೇಶಕರಾಗಿದ್ದ ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ಹೊಣೆಗಾರಿಕೆಯಲ್ಲಿ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಇದರಲ್ಲಿ ಸೇರಿದ್ದವು. ಕರ್ನಾಟಕದಿಂದ ಆಯ್ಕೆಯಾದವು ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು.

ಬೆಂಗಳೂರಿನಲ್ಲಿಯೇ ದೂರದರ್ಶನ ಕೇಂದ್ರವಿಲ್ಲದ ಕಾಲದಲ್ಲಿ ರಾಯಚೂರಿನ ಹಳ್ಳಿಯ ಶಾಲೆಯ ಮೇಲೆ ಹತ್ತು ಅಡಿ ಅಗಲದ, ಕೋಳಿಗೂಡಿಗೆ ಬಳಸುವಂಥ ತಂತಿ ಬಲೆಯಿಂದ ಹೆಣೆದ ಬೋಗುಣಿಯಾಕಾರದ ಆಂಟೆನಾ ಮುಗಿಲಿಗೆ ಮುಖ ಮಾಡಿ ನಿಂತಿತು. ವಿದ್ಯುತ್ತು ಇಲ್ಲದ ಕೆಲವು ಹಳ್ಳಿಗಳಲ್ಲಿ ಪೆಟ್ಟಿಗೆ ಬ್ಯಾಟರಿಯಿಂದ ನಡೆಯಿತು. ಬೆಳಗ್ಗೆ ಒಂದೂವರೆ ಗಂಟೆಯ ಅವಧಿಯನ್ನು ನಾಲ್ಕು ಭಾಷೆಗಳು ಹಂಚಿಕೊಂಡು, ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಪಾಠ ಒದಗಿಸುತ್ತಿದ್ದವು. ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಮನರಂಜನೆ. ಪೆಟ್ಟಿಗೆಯನ್ನು ಇಟ್ಟದ್ದು ಬಹುತೇಕ ಶಾಲೆಯಲ್ಲಿ. ಅದನ್ನು ಹೊತ್ತಿಗೆ ಸರಿಯಾಗಿ ಹಚ್ಚಿ ಆರಿಸಿ ಕಾಯುವ ಕೆಲಸ ಅನೇಕ ಕಡೆ ಶಾಲೆಯ ಮೇಷ್ಟರ ಪಾಲಿಗೇ ಬಂತು. ಬೀಗದ ಕೈ ಅವರ ಕೈಯಲ್ಲಿ. ಆದರೆ ಪಾಠ ಬರುತ್ತಿದ್ದದ್ದು ಆಕಾಶದಿಂದ. ಹಾಗಾದರೆ ಪಾಠದ ಹೊತ್ತಿನಲ್ಲಿ ಮೇಷ್ಟರ ಕೆಲಸವೇನು? ಮಕ್ಕಳ ಸದ್ದಡಗಿಸುವುದಷ್ಟೇ ಎಂದಾದರೆ ಬೆಲ್ ಸಾಹೇಬನ ಕಥೆಯೇ ಮತ್ತೊಮ್ಮೆ ನಡೆದಂತೆ.

ಸೈಟ್ ಯೋಜಕರಿಗೆ ಈ ಅಪಾಯ ಹೊಳೆದಿತ್ತೆಂಬುದಕ್ಕೆ ಅವರು ಉಪಾಧ್ಯಾಯರಿಗಾಗಿಯೇ ರೂಪಿಸಿದ ತರಬೇತಿಯೇ ಸಾಕ್ಷಿ. 1975ರ ಅಕ್ಟೋಬರಿನಲ್ಲಿ ಒಮ್ಮೆ, 1976ರ ಬೇಸಗೆಯಲ್ಲಿ ಇನ್ನೊಮ್ಮೆ, ಹನ್ನೆರಡು ಹನ್ನೆರಡು ದಿನಗಳ ಕಾಲ, ಅದೇ ಉಪಗ್ರಹ ಮಕ್ಕಳನ್ನು ಬಿಟ್ಟು ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಪಾಠ ಹೇಳಿತು. ವಿಷಯ ವಿಜ್ಞಾನ ಬೋಧನೆ. ಎರಡು ಸುತ್ತುಗಳಲ್ಲಿ ಕೂಡಿ ಸುಮಾರು ಅರ್ಧ ಲಕ್ಷ ಉಪಾಧ್ಯಾಯರು ತರಬೇತಿ ಪಡೆದರು. ಇದನ್ನು ರೂಪಿಸಿದ್ದು ದೆಹಲಿಯ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನ ಶೈಕ್ಷಣಿಕ ತಂತ್ರಜ್ಞಾನ ಕೇಂದ್ರ. ಕೇವಲ ದೂರದರ್ಶನವನ್ನು ನೆಚ್ಚದೆ, ಅದರ ಜೊತೆಗೆ ಬಾನುಲಿ ಪಾಠ, ಅಚ್ಚಾದ ಕೈಪಿಡಿ, ಕೈಯಿಂದ ಮಾಡಬೇಕಾದ ಪ್ರಯೋಗಗಳು, ಗುಂಪಿನ ಚರ್ಚೆ, ಇವೆಲ್ಲವನ್ನೂ ಒಂದೇ ಬುತ್ತಿಯಂತೆ ಕಟ್ಟಿದ್ದು ಇದರ ವೈಶಿಷ್ಟ್ಯ. ಪ್ರತಿ ಕೇಂದ್ರದಲ್ಲಿಯೂ ಮೊದಲೇ ತಿಳಿವಳಿಕೆ ಪಡೆದ ಉಪಾಧ್ಯಾಯರೊಬ್ಬರು ಜೊತೆಯವರನ್ನು ನಡೆಸಿಕೊಂಡು ಹೋಗುತ್ತಿದ್ದರು.

ಈ ಬುತ್ತಿಯ ಒಂದೊಂದು ಪದಾರ್ಥಕ್ಕೂ ಅದರದೇ ಕೆಲಸವಿದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಚಲಿಸುವುದನ್ನು, ದೂರದ್ದನ್ನು, ಅತಿ ಸಣ್ಣದನ್ನು ತೋರಿಸುವ ಶಕ್ತಿ ದೂರದರ್ಶನಕ್ಕಿದೆ. ಆದರೆ ಚಿತ್ರ ಓಡಿಹೋಗುತ್ತದೆ. ತಡೆದು ನಿಲ್ಲಿಸಿ ಇನ್ನೊಮ್ಮೆ ನೋಡುವ ಅವಕಾಶ ಅಂದಿನ ಪೆಟ್ಟಿಗೆಯಲ್ಲಿರಲಿಲ್ಲ. ಆ ಕೊರತೆಯನ್ನು ಅಚ್ಚಿನ ಪುಟ ತುಂಬುತ್ತದೆ: ಅದು ಕಾದು ಕೂತಿರುತ್ತದೆ, ರಾತ್ರಿ ಮನೆಯಲ್ಲಿಯೂ ತೆರೆಯಬಹುದು. ಬಾನುಲಿ ಅಗ್ಗದ್ದು, ಊರೂರಿನಲ್ಲಿಯೂ ಇದ್ದದ್ದು. ನೋಡಿದ್ದನ್ನು ಮಾತಿನಲ್ಲಿ ಮೆಲುಕು ಹಾಕಿಸುವುದಕ್ಕೆ ತಕ್ಕದ್ದು. ಇಷ್ಟಾದರೂ ನೋಡಿ, ಓದಿ, ಕೇಳಿ ಬಾರದ್ದೊಂದು ಉಳಿಯುತ್ತದೆ. ಅದು ಕೈಗೆ ಬರಬೇಕಾದ ವಿದ್ಯೆ. ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಕವುಚಿದರೆ ಅದು ಆರುತ್ತದೆಂದು ಪರದೆಯ ಮೇಲೆ ನೂರು ಸಲ ನೋಡಬಹುದು. ತಾನೇ ಲೋಟ ಕವುಚಿದಾಗ ಮಾತ್ರ ಹುಟ್ಟುವ ಪ್ರಶ್ನೆಗಳು ಬೇರೆ: ದೊಡ್ಡ ಲೋಟವಾದರೆ ಎಷ್ಟು ಹೊತ್ತು ಉರಿದೀತು, ಎರಡು ಬತ್ತಿಯಿಟ್ಟರೆ ಹೇಗೆ, ಲೋಟದ ಒಳಮೈಯಲ್ಲಿ ಮೂಡಿದ ಮಂಜು ಎಲ್ಲಿಂದ ಬಂತು? ಈ ಪ್ರಶ್ನೆಗಳ ರುಚಿ ಹತ್ತಿದ ಉಪಾಧ್ಯಾಯರಿಗೆ ಮಕ್ಕಳ ಪ್ರಶ್ನೆ ಕಿರುಕುಳವಾಗಿ ತೋರುವುದಿಲ್ಲ.

ಒಂದು ವರ್ಷದ ಬಳಿಕ ಉಪಗ್ರಹವನ್ನು ಅಮೆರಿಕ ತನ್ನ ಕೆಲಸಕ್ಕೆ ಮರಳಿ ಒಯ್ದಿತು. ಸೈಟ್ ಪ್ರಯೋಗದ ಫಲಾಫಲಗಳನ್ನು ಸಮಾಜಶಾಸ್ತ್ರಜ್ಞರು ಊರೂರು ಸುತ್ತಿ ಪರಿಶೀಲಿಸಿದರು. ಮಕ್ಕಳ ಭಾಷೆ ಬೆಳೆದದ್ದು, ತಿಳಿಯಬೇಕೆಂಬ ಕುತೂಹಲ ಹೆಚ್ಚಿದ್ದು ಕಂಡುಬಂತು. ಶಾಲೆಗೆ ಸೇರುವವರ ಸಂಖ್ಯೆಯಲ್ಲಾಗಲಿ ಬಿಡುವವರ ಸಂಖ್ಯೆಯಲ್ಲಾಗಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ದನ ಕಾಯಲು ಹೋಗಬೇಕಾದ ಹುಡುಗ, ತಮ್ಮನನ್ನು ಎತ್ತಿ ಆಡಿಸಬೇಕಾದ ಹುಡುಗಿ ಶಾಲೆ ಬಿಡುವುದು ಅಲ್ಲಿ ನೋಡಲು ಚಿತ್ರವಿಲ್ಲವೆಂಬ ಕಾರಣಕ್ಕಲ್ಲ. ಯಂತ್ರಕ್ಕೆ ಅದರ ಕೆಲಸವನ್ನಷ್ಟೇ ಒಪ್ಪಿಸಬೇಕೆಂಬ ವಿವೇಕ ಆ ಅಧ್ಯಯನಗಳಿಂದ ನಮಗೆ ಸಿಕ್ಕ ಲಾಭ.

ತರಬೇತಿಯ ದೃಷ್ಟಿಯಿಂದ ಸೈಟ್ ಬಿಡಿಸಿದ ಗಂಟು ಒಂದುಂಟು. ಉಪಾಧ್ಯಾಯರ ಸಂಖ್ಯೆ ಲಕ್ಷಗಟ್ಟಲೆ. ಬಲ್ಲವರ ಸಂಖ್ಯೆ ಬೆರಳೆಣಿಕೆ. ಆದ್ದರಿಂದ ನಮ್ಮಲ್ಲಿ ರೂಢಿಗೆ ಬಂದದ್ದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತರಬೇತಿ. ದೆಹಲಿಯಲ್ಲಿ ಕೆಲವರು ಕಲಿತು ರಾಜ್ಯದ ಕೆಲವರಿಗೆ ಹೇಳುತ್ತಾರೆ. ಅವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ, ಕೊನೆಗೆ ಅದು ಹಳ್ಳಿಯ ಉಪಾಧ್ಯಾಯರನ್ನು ಮುಟ್ಟಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನ ರೈತರನ್ನು ಕೇಳಿದರೆ ಇದರ ಮರ್ಮ ತಿಳಿಯುತ್ತದೆ. ಅಣೆಕಟ್ಟೆಯಲ್ಲಿ ನೀರಿದೆ, ಕಾಲುವೆಯ ತಲೆಯಲ್ಲಿ ಭತ್ತದ ಗದ್ದೆಗಳು ತುಂಬಿ ತುಳುಕುತ್ತವೆ, ಕೊನೆಯವನ ಹೊಲಕ್ಕೆ ಬರುವ ಹೊತ್ತಿಗೆ ತೇವವಷ್ಟೇ ಉಳಿದಿರುತ್ತದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ನಾಲ್ಕು ವರ್ಷಗಳ ಅವಧಿಯಲ್ಲಿ ದೇಶದ ಹದಿನೇಳು ಲಕ್ಷಕ್ಕೂ ಹೆಚ್ಚು ಉಪಾಧ್ಯಾಯರಿಗೆ ಹತ್ತು ದಿನಗಳ ಸಾಮೂಹಿಕ ತರಬೇತಿ ನಡೆಯಿತು. ಸಂಖ್ಯೆ ಬೆರಗುಗೊಳಿಸುವಂಥದೇ. ಆದರೆ ಆ ವ್ಯವಸ್ಥೆಯಲ್ಲಿ ಮೇಲಿನ ಮೆಟ್ಟಿಲಿನಲ್ಲಿ ಮಾಡಿ ತೋರಿಸಿದ್ದು ನಡುವಿನ ಮೆಟ್ಟಿಲಿನಲ್ಲಿ ಬರಿಯ ವರ್ಣನೆಯಾಗಿ, ಕೆಳಗಿನ ಮೆಟ್ಟಿಲಿನಲ್ಲಿ ಓದಿ ಹೇಳುವ ಟಿಪ್ಪಣಿಯಾಗಿ ಕರಗಿಹೋಗುವ ಸಂಭವ ಸದಾ ಇದೆ. ಉಪಗ್ರಹ ನಡುವಿನ ಮೆಟ್ಟಿಲುಗಳನ್ನು ತೆಗೆದುಹಾಕಿ ಮೂಲದ ನೀರನ್ನು ಒಂದೇ ಹೊತ್ತಿಗೆ ಎಲ್ಲ ಹೊಲಗಳಿಗೂ ಸುರಿಸಿತು.

ಅದೇ ಕಾಲದ ಇನ್ನೊಂದು ಅನುಭವ ಬೇರೊಂದು ಪಾಠ ಹೇಳುತ್ತದೆ. 1987ರಲ್ಲಿ ಆರಂಭವಾದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆಯಂತೆ ಪ್ರಾಥಮಿಕ ಶಾಲೆಗಳಿಗೆ ಕನಿಷ್ಠ ಎರಡು ಕೋಣೆ, ಇಬ್ಬರು ಉಪಾಧ್ಯಾಯರು, ಜೊತೆಗೆ ಭೂಪಟ, ವಿಜ್ಞಾನದ ಪೆಟ್ಟಿಗೆ, ಗಣಿತದ ಪೆಟ್ಟಿಗೆ ಮುಂತಾದ ಸಾಮಗ್ರಿಗಳನ್ನು ಒದಗಿಸಬೇಕೆಂದಾಯಿತು. ಈ ಸಾಮಗ್ರಿಗಳನ್ನು ಬಳಸುವುದು ಹೇಗೆಂದು ಕಲಿಸುವುದನ್ನೂ ಒಂದು ಉದ್ದೇಶವಾಗಿ ಇಟ್ಟುಕೊಂಡ ವಿಶೇಷ ತರಬೇತಿ ಪ್ರಾರಂಭವಾದದ್ದು 1993-94ರಲ್ಲಿ. ನಡುವೆ ಆರು ವರ್ಷ. ಅಷ್ಟರಲ್ಲಿ ಅದೆಷ್ಟೋ ಪೆಟ್ಟಿಗೆಗಳು ಬೀರು ಸೇರಿ ಬೀಗ ಕಂಡಿದ್ದವು.

ಬೀಗ ಹಾಕಿದ ಬೀರುವನ್ನು ಕಂಡು ಮೇಷ್ಟರ ಸೋಮಾರಿತನವೆಂದು ಬಗೆಯುವವರು ಅದರ ಪಕ್ಕದಲ್ಲಿರುವ ದಾಸ್ತಾನು ಪುಸ್ತಕವನ್ನು ನೋಡುವುದಿಲ್ಲ. ಶಾಲೆಗೆ ಬಂದ ಪ್ರತಿ ವಸ್ತುವೂ ಅದರಲ್ಲಿ ದಾಖಲಾಗುತ್ತದೆ. ಮೇಲಧಿಕಾರಿಗಳು ತಪಾಸಣೆಗೆ ಬಂದಾಗ ಭೂತಗನ್ನಡಿ ಇದೆಯೇ, ಕಾಂತ ಇದೆಯೇ, ಅಳತೆಯ ಗಾಜು ಒಡೆದಿದೆಯೇ ಎಂದು ಎಣಿಸುತ್ತಾರೆ. ಎಷ್ಟು ಮಕ್ಕಳು ಅದನ್ನು ಕೈಯಲ್ಲಿ ಹಿಡಿದರು ಎಂಬುದಕ್ಕೆ ಆ ಪುಸ್ತಕದಲ್ಲಿ ಕಲಮಿಲ್ಲ. ಬಳಸಿದರೆ ಒಡೆಯಬಹುದು, ಒಡೆದರೆ ಉತ್ತರ ಹೇಳಬೇಕು. ಬಳಸದಿದ್ದರೆ ಯಾರೂ ಕೇಳುವುದಿಲ್ಲ. ಇಂಥ ಲೆಕ್ಕದಲ್ಲಿ ಬೀಗ ಹಾಕುವುದೇ ಬುದ್ಧಿವಂತಿಕೆ. ಮುಂದೆ ಗಣಕಯಂತ್ರ ಬಂದಾಗಲೂ ಅದರ ಕೋಣೆಗೆ ಇದೇ ಬೀಗ ಬಿದ್ದದ್ದುಂಟು. ಕಮ್ಮಟದಲ್ಲಿ ಎಷ್ಟು ಚೆನ್ನಾಗಿ ಕಲಿಸಿದರೂ ದಾಸ್ತಾನು ಪುಸ್ತಕದ ಭಯವನ್ನು ಅದು ಕಳೆಯಲಾರದು. ಆದ್ದರಿಂದ ಉಪಾಧ್ಯಾಯರ ಜೊತೆಗೆ ಅವರನ್ನು ತಪಾಸಿಸುವವರೂ ಅದೇ ಚಾಪೆಯ ಮೇಲೆ ಕುಳಿತು ಕಲಿಯಬೇಕು. ಉಪಯೋಗದಿಂದ ಸವೆದದ್ದು ನಷ್ಟವಾಗದೆ ಸಾರ್ಥಕವಾದದ್ದೆಂದು ಬರೆದುಕೊಳ್ಳುವ ನಿಯಮ ಬೇಕು.

ಇಷ್ಟರ ನಡುವೆ ಸೈಟ್ ಬಿಡಿಸದೆ ಉಳಿಸಿದ ಗಂಟಿಗೆ ಬರೋಣ. ಉಪಗ್ರಹದ ಮಾತು ಒಂದೇ ದಿಕ್ಕಿನದು. ಪರದೆಯ ಮೇಲಿನ ಪಂಡಿತರಿಗೆ ರಾಯಚೂರಿನ ಉಪಾಧ್ಯಾಯರು ಕಾಣಿಸುವುದಿಲ್ಲ, ಕೇಳಿಸುವುದೂ ಇಲ್ಲ. ಈ ಕೊರತೆಯನ್ನು ನೀಗಲು ನಡೆದ ಪ್ರಯೋಗಕ್ಕೂ ಕರ್ನಾಟಕವೇ ನೆಲೆಯಾಯಿತು. 1996ರ ಜನವರಿಯಲ್ಲಿ ರಾಜ್ಯದ 20 ಕೇಂದ್ರಗಳಲ್ಲಿ ಸುಮಾರು 850 ಪ್ರಾಥಮಿಕ ಶಾಲಾ ಉಪಾಧ್ಯಾಯರಿಗೆ, ಹಿಂದೆ ಹೇಳಿದ ವಿಶೇಷ ತರಬೇತಿಯನ್ನೇ ಉಪಗ್ರಹದ ಮೂಲಕ ಏಳು ದಿನ ನೀಡಲಾಯಿತು. ಈ ಸಲ ಚಿತ್ರ ಒಂದು ಕಡೆಯಿಂದ ಬಂದರೂ ಧ್ವನಿ ಎರಡೂ ಕಡೆ ಹರಿಯಿತು. ಕೇಂದ್ರದಲ್ಲಿದ್ದ ಉಪಾಧ್ಯಾಯರು ದೂರವಾಣಿ ಎತ್ತಿಕೊಂಡು ಪ್ರಶ್ನೆ ಕೇಳಬಹುದು. ಸ್ಟುಡಿಯೋದಲ್ಲಿದ್ದ ತಜ್ಞರು ಕೂಡಲೇ ಉತ್ತರಿಸುವರು. ಬೇರೆ ಕೇಂದ್ರಗಳವರೂ ಅದನ್ನು ಕೇಳಿಸಿಕೊಳ್ಳುವರು. ತನ್ನ ಸಂದೇಹವೇ ಬೀದರಿನ ಕಡೆಯವರಿಗೂ ಇದೆ, ಕೊಡಗಿನವರಿಗೂ ಇದೆ ಎಂದು ತಿಳಿಯುವುದು ಒಂಟಿ ಶಾಲೆಯ ಉಪಾಧ್ಯಾಯರಿಗೆ ಸಣ್ಣ ಧೈರ್ಯವಲ್ಲ.

ಆದರೂ ಇಲ್ಲೊಂದು ಗಣಿತವನ್ನು ಮರೆಯುವಂತಿಲ್ಲ. 850 ಮಂದಿಯಲ್ಲಿ ಪ್ರತಿಯೊಬ್ಬರೂ ಒಂದೇ ಒಂದು ಪ್ರಶ್ನೆ ಕೇಳಿ, ಪ್ರಶ್ನೆ ಉತ್ತರ ಎರಡಕ್ಕೂ ಸೇರಿ ಎರಡು ನಿಮಿಷ ಹಿಡಿಯಿತೆಂದು ಇಟ್ಟುಕೊಳ್ಳಿ. ಒಟ್ಟು 1,700 ನಿಮಿಷ, ಅಂದರೆ 28 ಗಂಟೆಗೂ ಮಿಕ್ಕು. ಏಳು ದಿನಗಳಿಗೆ ಹಂಚಿದರೆ ದಿನಕ್ಕೆ ನಾಲ್ಕು ಗಂಟೆ ಬರಿಯ ಪ್ರಶ್ನೋತ್ತರಕ್ಕೇ ಬೇಕು. ಎಲ್ಲರೂ ಕೇಳಲು ಸಾಧ್ಯವಿಲ್ಲವೆಂಬುದು ಇದರಿಂದ ಸ್ಪಷ್ಟ. ಕೆಲವರು ಕೇಳುತ್ತಾರೆ, ಉಳಿದವರು ಕೇಳಿಸಿಕೊಳ್ಳುತ್ತಾರೆ. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ‘ಎಡುಸ್ಯಾಟ್’ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳು ಅದರ ಪಾಠ ಪಡೆದವು. ತಂತಿ, ಪರದೆ, ವೇಗ ಎಲ್ಲವೂ ಸುಧಾರಿಸುತ್ತ ಬಂದವು. ಎಲ್ಲರ ಸಂದೇಹಕ್ಕೂ ಕಿವಿಗೊಡುವ ಹೊತ್ತು ಮಾತ್ರ ಯಾವ ಉಪಗ್ರಹದಿಂದಲೂ ಇಳಿದು ಬರಲಿಲ್ಲ. ಅದು ಪಕ್ಕದಲ್ಲಿ ಕುಳಿತ ಇನ್ನೊಬ್ಬ ಉಪಾಧ್ಯಾಯರಿಂದಲೇ ಬರಬೇಕು.

ಗಣಕಯಂತ್ರದ ಕಥೆ ಈ ಮಾತಿಗೆ ಇನ್ನಷ್ಟು ಬಲ ಕೊಡುತ್ತದೆ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯ ಅಂಗವಾಗಿ ದೇಶದ ಸುಮಾರು 250 ಪ್ರೌಢಶಾಲೆಗಳಿಗೆ ಬ್ರಿಟನ್ನಿನಿಂದ ತರಿಸಿದ ‘ಬಿಬಿಸಿ ಮೈಕ್ರೊ’ ಗಣಕಗಳನ್ನು ಹಂಚಿ, ಆಯ್ದ ಉಪಾಧ್ಯಾಯರಿಗೆ ತರಬೇತಿ ಕೊಡಿಸಿತು. ಅಂದಿನಿಂದ ಇಂದಿನವರೆಗೂ ಇಂಥ ಕಮ್ಮಟಗಳಲ್ಲಿ ಒಂದು ಗೊಂದಲ ನಡೆದುಬಂದಿದೆ. ಗಣಕವನ್ನು ಕುರಿತು ಕಲಿಸುವುದು ಒಂದು, ಗಣಕದಿಂದ ಕಲಿಸುವುದು ಇನ್ನೊಂದು. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ, ಕಡತವನ್ನು ಎಲ್ಲಿ ಉಳಿಸಬೇಕು ಎಂಬುದನ್ನು ಎರಡು ದಿನದಲ್ಲಿ ಯಾರಾದರೂ ಕಲಿತಾರು. ಮರುವರ್ಷ ಯಂತ್ರ ಬದಲಾದರೆ ಆ ವಿದ್ಯೆ ಹಳತಾಗಿಯೂ ಹೋದೀತು. ಎಂಟನೆಯ ತರಗತಿಯ ರೇಖಾಗಣಿತದ ಪಾಠದಲ್ಲಿ ಇದನ್ನು ಯಾವ ಕ್ಷಣದಲ್ಲಿ ಹಚ್ಚಬೇಕು, ಯಾವ ಕ್ಷಣದಲ್ಲಿ ಆರಿಸಬೇಕು ಎಂಬುದು ಯಂತ್ರ ಬದಲಾದರೂ ಉಳಿಯುವ ವಿದ್ಯೆ.

ಉದಾಹರಣೆಯೊಂದನ್ನು ನೋಡೋಣ. ಜಿಯೋಜೀಬ್ರಾ ಎಂಬ, ಹಣ ಕೊಡದೆ ಬಳಸಬಹುದಾದ ಒಂದು ಗಣಿತ ತಂತ್ರಾಂಶವಿದೆ. ಪರದೆಯ ಮೇಲೆ ತ್ರಿಕೋನ ಬರೆದು ಅದರ ಒಂದು ಮೂಲೆಯನ್ನು ಹಿಡಿದೆಳೆದರೆ ಆಕಾರ ಬದಲಾಗುತ್ತದೆ. ಮೂರು ಕೋನಗಳ ಅಳತೆಯೂ ಬದಲಾಗುತ್ತದೆ. ಮೊತ್ತ ಮಾತ್ರ 180 ಡಿಗ್ರಿಯಾಗಿಯೇ ನಿಲ್ಲುತ್ತದೆ. ಒಬ್ಬ ಉಪಾಧ್ಯಾಯರು ಇದನ್ನು ಎಳೆದು ತೋರಿಸಿ, “ನೋಡಿದಿರಾ, ಯಾವಾಗಲೂ 180” ಎಂದು ಮುಗಿಸುತ್ತಾರೆ. ಇನ್ನೊಬ್ಬರು ಮೂಲೆಯನ್ನು ಮುಟ್ಟುವ ಮೊದಲು ಕೇಳುತ್ತಾರೆ: “ಇದನ್ನು ಎಳೆದು ತ್ರಿಕೋನವನ್ನು ದೊಡ್ಡದು ಮಾಡಿದರೆ ಮೊತ್ತ ಹೆಚ್ಚುತ್ತದೋ, ಕಡಿಮೆಯಾಗುತ್ತದೋ? ನಿಮ್ಮ ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.” ಆಮೇಲೆ ಎಳೆಯುತ್ತಾರೆ. ಹೆಚ್ಚುತ್ತದೆಂದು ಬರೆದ ಮಗು ಬೆಚ್ಚಿ ನೋಡುತ್ತದೆ. ಏಕೆ ಹಾಗಾಯಿತೆಂಬ ಪ್ರಶ್ನೆ ಈಗ ಮಗುವಿನದಾಯಿತು. ಯಂತ್ರ ಎರಡು ಕಡೆಯೂ ಒಂದೇ. ಪಾಠಗಳು ಬೇರೆ ಬೇರೆ. ಮೊದಲನೆಯ ಉಪಾಧ್ಯಾಯರನ್ನು ಎರಡನೆಯವರನ್ನಾಗಿ ಮಾಡುವುದೇ ಕಮ್ಮಟದ ಕೆಲಸ. ಕರೆಂಟು ಹೋದಾಗ ಎರಡನೆಯವರು ಕಾಗದದ ತ್ರಿಕೋನದ ಮೂರು ಮೂಲೆಗಳನ್ನು ಹರಿದು, ಒಂದರ ಪಕ್ಕ ಒಂದು ಜೋಡಿಸಿ, ಅದು ಸರಳರೇಖೆಯಾಗುವುದನ್ನು ತೋರಿಸಬಲ್ಲರು. ಯಂತ್ರವಿಲ್ಲದೆಯೂ ನಡೆಸಬಲ್ಲ ಪಾಠವನ್ನೇ ಯಂತ್ರದಿಂದ ಚೆನ್ನಾಗಿ ನಡೆಸಲು ಸಾಧ್ಯ.

ಇಂಥ ಮಾರ್ಪಾಡು ಐದು ದಿನದ ಕೂಟದಲ್ಲಿ ಮುಗಿಯುವುದೇ? ಇಲ್ಲವೆಂದು ತಿಳಿದು ಬೇರೆ ವ್ಯವಸ್ಥೆ ಮಾಡಿದವರಿದ್ದಾರೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಿಂದ ಆರಂಭವಾಗಿ, 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿ, 2002ರವರೆಗೆ ನಡೆದ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ಉಪಕರಣಗಳು ತೀರ ಅಗ್ಗದವು. ಆದರೆ ಉಪಾಧ್ಯಾಯರು ಬೇಸಗೆಯ ರಜೆಯಲ್ಲಿ ವಾರಗಟ್ಟಲೆ ಕುಳಿತು, ಮಕ್ಕಳು ಮಾಡಬೇಕಾದ ಪ್ರತಿ ಪ್ರಯೋಗವನ್ನೂ ತಾವೇ ಮಾಡುತ್ತಿದ್ದರು. ಕಾಲೇಜುಗಳ ವಿಜ್ಞಾನಿಗಳು ಅವರ ಜೊತೆ ನೆಲದ ಮೇಲೆ ಕೂರುತ್ತಿದ್ದರು. ಶಾಲೆ ತೆರೆದ ಮೇಲೆ ತಿಂಗಳಿಗೊಮ್ಮೆ ಹತ್ತಿರದ ಕೇಂದ್ರದಲ್ಲಿ ಸೇರಿ, ಯಾವ ಪ್ರಯೋಗ ಕೆಟ್ಟಿತು, ಮಕ್ಕಳು ಏನು ಕೇಳಿದರು, ಪುಸ್ತಕದಲ್ಲಿ ಎಲ್ಲಿ ತಿದ್ದಬೇಕು ಎಂದು ಮಾತನಾಡುತ್ತಿದ್ದರು. ಅವರು ಹೇಳಿದ್ದರಿಂದ ಪಠ್ಯ ತಿದ್ದಿಕೊಂಡಿತು. ಕರ್ನಾಟಕದಲ್ಲಿ 2010-11ರ ಸುಮಾರಿಗೆ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜವಿಜ್ಞಾನ ಉಪಾಧ್ಯಾಯರಿಗಾಗಿ ರೂಪುಗೊಂಡ ‘ವಿಷಯ ಶಿಕ್ಷಕರ ವೇದಿಕೆ’ಯೂ ಇದೇ ದಿಕ್ಕಿನದು. ಅಲ್ಲಿ ಗಣಕ ಕಲಿತ ಉಪಾಧ್ಯಾಯರು ಊರಿಗೆ ಹಿಂದಿರುಗಿದ ಮೇಲೆ ಅದೇ ಗಣಕದ ಮೂಲಕ ಪರಸ್ಪರ ಸಂದೇಹ ಕೇಳಿಕೊಂಡರು. ಕನ್ನಡದಲ್ಲಿ ಪಾಠ ಸಾಮಗ್ರಿ ಬರೆದು ಎಲ್ಲರಿಗೂ ಮುಕ್ತವಾಗಿ ಒದಗಿಸಿದರು.

ಈ ಎಲ್ಲ ಅನುಭವಗಳಿಗೂ ಒರೆಗಲ್ಲಾಗಿ ಬಂದದ್ದು 2020ರ ಮಹಾಮಾರಿಯ ವರ್ಷ. ಅದಕ್ಕೆ ಮೂರು ವರ್ಷ ಮೊದಲು, 2017ರಲ್ಲಿ, ‘ದೀಕ್ಷಾ’ ಎಂಬ ರಾಷ್ಟ್ರೀಯ ಪಾಠಭಂಡಾರ ತೆರೆದಿತ್ತು. ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾದ ಚೌಕದ ಗುರುತಿಗೆ ಮೊಬೈಲು ಹಿಡಿದರೆ ಪಾಠದ ಚಿತ್ರ ಮೂಡುವ ವ್ಯವಸ್ಥೆ ಬಂದಿತ್ತು. ಶಾಲೆಯ ಬಾಗಿಲು ಮುಚ್ಚಿದಾಗ ಯಂತ್ರವೊಂದೇ ದಾರಿಯೆಂದು ಎಲ್ಲರಿಗೂ ತೋರಿತು. ಆದರೆ ಹಳ್ಳಿಯ ಮನೆಯಲ್ಲಿ ಮೊಬೈಲು ಒಂದೇ. ಅದು ಬೆಳಗ್ಗೆ ಕೂಲಿಗೆ ಹೋದ ತಂದೆಯ ಜೇಬಿನಲ್ಲಿ. ಆ ವರ್ಷದ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ‘ವಿದ್ಯಾಗಮ’ ಮಕ್ಕಳನ್ನು ಅವರ ಮನೆಯಲ್ಲಿ ಎಂಥ ಉಪಕರಣವಿದೆ, ಅಥವಾ ಯಾವುದೂ ಇಲ್ಲ, ಎಂಬುದರ ಮೇಲೆ ಗುಂಪು ಮಾಡಿ, ಉಪಾಧ್ಯಾಯರನ್ನು ಅವರ ಓಣಿಗೇ ಕಳುಹಿಸಿತು. ಗುಡಿಯ ಜಗಲಿ, ಮರದ ನೆರಳು, ಸಮುದಾಯ ಭವನ ತರಗತಿಗಳಾದವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಗಿ ಬಂತು. ಆ ಕೆಲವು ತಿಂಗಳುಗಳಲ್ಲಿ ತಿಳಿದದ್ದು ಇಷ್ಟು: ಯಾವ ಮಗುವಿನ ಬಳಿ ಏನಿದೆ, ಯಾವುದು ನಿಲುಕುತ್ತದೆ, ಯಾರು ಹಿಂದುಳಿದಿದ್ದಾರೆ ಎಂಬ ಲೆಕ್ಕವನ್ನು ಬಲ್ಲವರು ಆ ಊರಿನ ಉಪಾಧ್ಯಾಯರೇ. ತಂತ್ರಜ್ಞಾನದ ಬಳಕೆಯೆಂದರೆ ಮೊದಲು ಈ ಲೆಕ್ಕ. ಗುಂಡಿ ಒತ್ತುವುದು ಆಮೇಲೆ.

ಹಾಗಾದರೆ ಒಳ್ಳೆಯ ಕಮ್ಮಟದ ಲಕ್ಷಣಗಳನ್ನು ಹೀಗೆ ಸಂಗ್ರಹಿಸಬಹುದು. ಅದು ಯಂತ್ರದಿಂದ ಶುರುವಾಗದೆ, ಕಲಿಸಲು ಕಷ್ಟವಾಗುವ ಪಾಠವೊಂದರಿಂದ ಶುರುವಾಗಬೇಕು. ಅಂಥ ಪಾಠ ಯಾವುದೆಂದು ಹೇಳುವವರು ಉಪಾಧ್ಯಾಯರಾಗಬೇಕು. ಅಲ್ಲಿ ಅವರು ನೋಡುವವರಾಗಿರದೆ ಮಾಡುವವರಾಗಿರಬೇಕು. ಯಂತ್ರ ಕೆಟ್ಟರೆ ಏನು ಮಾಡಬೇಕೆಂಬುದನ್ನೂ ಮಾಡಿ ನೋಡಿರಬೇಕು. ಉಪಕರಣ ಶಾಲೆಗೆ ಬರುವ ಮೊದಲು, ಇಲ್ಲವೇ ಅದರ ಜೊತೆಜೊತೆಗೆ, ಅದು ನಡೆಯಬೇಕು. ಆರು ವರ್ಷದ ತರುವಾಯ ಅಲ್ಲ. ತಪಾಸಣೆಯ ಅಧಿಕಾರಿಗಳೂ ಅದರಲ್ಲಿ ಪಾಲುಗೊಳ್ಳಬೇಕು. ಕೊನೆಯದಾಗಿ, ಮುಗಿದ ತಿಂಗಳಿಗೆ ಅದೇ ಉಪಾಧ್ಯಾಯರು ಮತ್ತೆ ಕೂಡಿ, ತರಗತಿಯಲ್ಲಿ ನಡೆದದ್ದನ್ನೂ ನಡೆಯದೆ ಹೋದದ್ದನ್ನೂ ನಿರ್ಭಯವಾಗಿ ಹೇಳಿಕೊಳ್ಳಬೇಕು. ಎಷ್ಟು ಮಂದಿ ಹಾಜರಾದರು, ಎಷ್ಟು ಪ್ರಮಾಣಪತ್ರ ಹಂಚಿದೆವು ಎಂಬ ಅಂಕಿಗಳಿಗಿಂತ ಆ ಎರಡನೆಯ ಕೂಟದಲ್ಲಿ ಎದ್ದ ಪ್ರಶ್ನೆಗಳ ಪಟ್ಟಿ ಹೆಚ್ಚು ಬೆಲೆಯುಳ್ಳದ್ದು.

ಇಂದು ಪ್ರಶ್ನೆ ಹಾಕಿದರೆ ತಾನೇ ಉತ್ತರ ಬರೆದುಕೊಡುವ ಯಂತ್ರಗಳೂ ಶಾಲೆಯ ಬಾಗಿಲಿಗೆ ಬಂದಿವೆ. ಅವುಗಳ ಹೆಸರಿನಲ್ಲಿಯೂ ಕಮ್ಮಟಗಳು ನಡೆಯತೊಡಗಿವೆ. ಉಪಾಧ್ಯಾಯರಿಲ್ಲದೆಯೂ ನಡೆದೀತೆಂಬ ಹಳೆಯ ಆಸೆ ಮತ್ತೆ ಪಿಸುಗುಟ್ಟುತ್ತಿದೆ. ಉತ್ತರ ಇಷ್ಟು ಅಗ್ಗವಾದ ಕಾಲದಲ್ಲಿ ಬೆಲೆ ಏರುವುದು ಒಳ್ಳೆಯ ಪ್ರಶ್ನೆಗೆ. ಮಗುವಿನ ಮುಖ ನೋಡಿ, ಅದಕ್ಕೆ ಅರ್ಥವಾಗಿಲ್ಲವೆಂದು ಅರಿತು, ಇನ್ನೊಂದು ರೀತಿಯಲ್ಲಿ ಕೇಳಬಲ್ಲವರನ್ನು ನಾವು ಉಪಾಧ್ಯಾಯರೆಂದು ಕರೆಯುತ್ತೇವೆ. ಕಮ್ಮಟ ಅವರಿಗೆ ಹೊಸ ಯಂತ್ರವೊಂದನ್ನು ಕಲಿಸಿದರೆ ಸಂತೋಷ. ಅವರ ಮಾತನ್ನು ಕೇಳಿ ತಾನೂ ಒಂದಿಷ್ಟು ಕಲಿತರೆ ಇನ್ನೂ ಸಂತೋಷ.